ಎಣ್ಣೆಗೆ ಹೇಳಿದ ಹೆಸರು

ನಮ್ಮ ಊರಿನಲ್ಲಿ ಬಾಣಲೆಯ ಮುಂದೆ ಯಾರೂ ಮಾತಾಡುವುದಿಲ್ಲ. ಎಣ್ಣೆ ಕಾಯಲು ಶುರುವಾಯಿತೆಂದರೆ ಬಾಯಿ ಮುಚ್ಚಬೇಕು. ಕರಿದು ಮುಗಿದು, ಬಾಣಲೆ ಕೆಳಗಿಳಿದು ತಣ್ಣಗಾಗುವ ತನಕ ತುಟಿ ಬಿಚ್ಚಬಾರದು. ಮಾತು ಕಲಿಯುವ ಮಕ್ಕಳಿಗೆ ಮಾತಿಗಿಂತ ಮೊದಲು ಕಲಿಸುವುದು ಇದನ್ನೇ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯರು ಮೊದಲ ಹಬ್ಬದಲ್ಲಿ ಮರೆತು ಏನಾದರೊಂದು ಅಂದುಬಿಡುತ್ತಾರೆ. "ಉಪ್ಪು ಸಾಕಾ ಅತ್ತೆ" ಎಂದವಳ ಬಾಯಿಂದ ಆಮೇಲೆ ಉಪ್ಪೂ ಬರುವುದಿಲ್ಲ, ಸಾಕೂ ಬರುವುದಿಲ್ಲ, ಅತ್ತೆಯೂ ಬರುವುದಿಲ್ಲ. ನಾಲಿಗೆ ಹೊರಳಿಸುತ್ತಾಳೆ, ಕೈಸನ್ನೆ ಮಾಡುತ್ತಾಳೆ, ಕೊನೆಗೆ ಅತ್ತುಬಿಡುತ್ತಾಳೆ. ಅತ್ತೆ ಎಂಬುದು ಹೋದದ್ದಕ್ಕೆ ಅಳಬೇಡವೇ ಹುಡುಗಿ ಎಂದು ನಾವು ರೇಗಿಸುತ್ತೇವೆ. ಆ ಎಣ್ಣೆ ಬೀದಿದೀಪಕ್ಕೆ ಹೋಗಿ ಉರಿದರೆ ಮಾರನೆಯ ಬೆಳಿಗ್ಗೆ ಮಾತು ಬಾಯಿಗೆ ವಾಪಸು ಬರುತ್ತದೆ. ಹಾಗಾಗಿ ಯಾರೂ ಅಂಥ ಗಾಬರಿ ಪಡುವುದಿಲ್ಲ.

ಕರಿದ ಎಣ್ಣೆ ಕೂಡಿಸುವುದಕ್ಕೆ ನಮ್ಮಲ್ಲಿ ಪಾಳಿ ಇದೆ. ಬೀದಿಯ ಮನೆಗಳು ಒಂದಾದ ಮೇಲೆ ಒಂದು ಪಾಳಿ ಹಿಡಿಯುತ್ತವೆ. ಪಾಳಿಯ ಹೆಂಗಸರು ಮನೆಮನೆಗೆ ಹೋಗಿ ಎಣ್ಣೆಯನ್ನು ಡಬ್ಬಗಳಲ್ಲಿ ಹೊತ್ತು ತಂದು, ಎಣ್ಣೆಕಟ್ಟೆಯ ಮೇಲೆ ಹಳೆಯ ಪಂಚೆಯಲ್ಲಿ ಸೋಸಿ, ತಿಳಿಯನ್ನು ದೊಡ್ಡ ಕೊಪ್ಪರಿಗೆಗೆ ಸುರಿಯುತ್ತಾರೆ. ಕೆಳಗುಳಿದ ಗಸಿ ಗಾಡಿಗಳ ಅಚ್ಚಿಗೆ, ತಿಳಿ ಬೀದಿದೀಪಗಳಿಗೆ. ಸಂಜೆ ದೀಪ ಹಚ್ಚಿ ಸ್ವಲ್ಪ ಹೊತ್ತಾದರೆ ಕಂಬಗಳ ಮೇಲಿನಿಂದ ಮಾತು ಉದುರಲು ತೊಡಗುತ್ತದೆ. ಎಲ್ಲ ಮನೆಯ ಎಣ್ಣೆಯೂ ಬೆರೆತಿರುವುದರಿಂದ ಯಾರ ದನಿ ಎಂದು ಗುರುತು ಸಿಗುವುದಿಲ್ಲ. "ಬೆಕ್ಕು" ಎನ್ನುತ್ತದೆ ಒಂದು ದೀಪ. "ನಾಳೆ" ಎನ್ನುತ್ತದೆ ಇನ್ನೊಂದು. "ಅಯ್ಯೋ ಸುಟ್ಟೆ" ಎನ್ನುವುದಂತೂ ದಿನಾ ಇದ್ದದ್ದೇ. ನಾವು ಅದರ ಕೆಳಗೇ ಕೂತು ಹೂ ಕಟ್ಟುತ್ತೇವೆ, ಸೊಪ್ಪು ಬಿಡಿಸುತ್ತೇವೆ. ಪರಊರಿನ ನೆಂಟರು ಮಾತ್ರ ಮೊದಲ ಸಂಜೆ ಕಳೆಯುವುದರೊಳಗೆ ಗಂಟುಮೂಟೆ ಕಟ್ಟುತ್ತಾರೆ.

ಎಣ್ಣೆಯನ್ನು ಮೋರಿಗೆ ಸುರಿಯುವುದು ಮಾತ್ರ ಮಹಾ ತಪ್ಪು. ಮೋರಿಗೆ ಹೋದದ್ದು ಉರಿಯುವುದಿಲ್ಲ, ಉರಿಯದ ಮಾತು ವಾಪಸು ಬರುವುದಿಲ್ಲ, ಚಪ್ಪಡಿ ಕಲ್ಲಿನ ಕೆಳಗೆ ಅಲ್ಲೇ ಸುತ್ತುತ್ತಿರುತ್ತದೆ. ನಮ್ಮ ಬೀದಿಯ ತುದಿಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರುವ ನಂಜಕ್ಕ ಎಂಬ ಒಂಟಿ ಮುದುಕಿ ಇದ್ದಾಳೆ. ಅವಳು ಹರೆಯದಲ್ಲಿ ಬಾಣಲೆಯ ಮುಂದೆ ಯಾವುದಕ್ಕೋ "ಬೇಡ" ಎಂದಿದ್ದಳಂತೆ. ಆ ಎಣ್ಣೆಯನ್ನು ಅವಳ ಅತ್ತಿಗೆ ಸೋಮಾರಿತನಕ್ಕೆ ಮೋರಿಗೆ ಚೆಲ್ಲಿದಳು. ಅಂದಿನಿಂದ ನಂಜಕ್ಕನ ಬಾಯಲ್ಲಿ ಬೇಡ ಎಂಬ ಮಾತೇ ಇಲ್ಲ. ಅವಳಿಗೆ ಬೇಡವಾದಾಗ ತಲೆ ಆಡಿಸುತ್ತಾಳೆ, ಅದನ್ನು ನೋಡಿ ನಾವು ತಿಳಿದುಕೊಳ್ಳಬೇಕು. ತಿಳಿದುಕೊಳ್ಳದವರು ಬಹಳ ಜನ. ಅವಳ ಹೊಲ ಹಾಗೆ ಹೋಯಿತು, ಹಸು ಹಾಗೆ ಹೋಯಿತು, ಮದುವೆಯೂ ಹಾಗೆಯೇ ಆಯಿತು ಎನ್ನುತ್ತಾರೆ. ಈಗ ಅವಳಿಗೆ ಹಲ್ಲೆಲ್ಲ ಬಿದ್ದಿವೆ. ಆದರೂ ಅವಳ ಮನೆಯ ಮುಂದಿನ ಚಪ್ಪಡಿಯ ಮೇಲೆ ನಿಂತು ಕಿವಿಗೊಟ್ಟರೆ ಒಬ್ಬ ಎಳೇ ಹುಡುಗಿ "ಬೇಡ, ಬೇಡ" ಎನ್ನುವುದು ಕೇಳುತ್ತದೆ. ನಾನು ಅಲ್ಲಿ ನಿಲ್ಲುವುದಿಲ್ಲ, ದಾಟಿಕೊಂಡು ಹೋಗುತ್ತೇನೆ.

ನಂದು ಬಜ್ಜಿ ಅಂಗಡಿ. ನಂದು ಎನ್ನುವುದು ಈಗಿನ ಮಾತು, ಮೊದಲು ನಮ್ಮದು. ನಮ್ಮನೆಯವರು ದೊರೆಸ್ವಾಮಿ, ಊರಿಗೆಲ್ಲ ದೊರೆಯಣ್ಣ, ಹಿಟ್ಟು ಕಲಸುವುದರಲ್ಲಿ ಎತ್ತಿದ ಕೈ. ನಾನು ಕರಿಯುವವಳು. ಇಬ್ಬರೂ ದಿನವೆಲ್ಲ ಅಕ್ಕಪಕ್ಕ ನಿಂತಿದ್ದರೂ ಮಾತಿಲ್ಲ. ಸೌಟಿನಿಂದ ಬಾಣಲೆಯ ಅಂಚಿಗೆ ಒಂದು ಸಲ ತಟ್ಟಿದರೆ ಹಿಟ್ಟು ಕೊಡಿ ಎಂದು, ಎರಡು ಸಲ ತಟ್ಟಿದರೆ ಉರಿ ತಗ್ಗಿಸಿ ಎಂದು, ಸುಮ್ಮನೆ ಉಜ್ಜಿದರೆ ಗಿರಾಕಿಯ ಮುಖ ನೋಡಿ ಹೇಗಿದೆ ಎಂದು. ಅವರು ನಕ್ಕರೆ ಭುಜ ಕುಣಿಯುತ್ತಿತ್ತು, ದನಿ ಬರುತ್ತಿರಲಿಲ್ಲ. ಹಾಗೆ ದಿನವೆಲ್ಲ ಕಟ್ಟಿಟ್ಟ ಬಾಯಿ ಬಾಣಲೆ ಇಳಿಸಿದ ಮೇಲೆ ಬಿಚ್ಚುತ್ತಿತ್ತು. ಬೇರೆ ಗಂಡಸರ ಹಾಗೆ ಲೇ, ಇವಳೇ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಬಾವಿಕಟ್ಟೆಯ ತನಕ ಕೇಳುವಂತೆ "ಇಂದ್ರಾಣೀ" ಎಂದು ನನ್ನ ಹೆಸರು ಹಿಡಿದೇ ಕರೆಯುತ್ತಿದ್ದರು. ಬೀದಿಯ ಹೆಂಗಸರು "ದೇವೇಂದ್ರ ಬಂದ ಹೋಗಮ್ಮಾ" ಎಂದು ನನ್ನನ್ನು ಆಡಿಕೊಳ್ಳುತ್ತಿದ್ದರು. ನಾನು ಮುಖ ಗಂಟು ಹಾಕಿಕೊಳ್ಳುತ್ತಿದ್ದೆ. ಒಳಗೆ ಎಷ್ಟು ಸಂತೋಷ ಆಗುತ್ತಿತ್ತೆಂದು ಈಗ ಹೇಳಲು ನಾಚಿಕೆಯೇನೂ ಇಲ್ಲ.

ಮರೆವು ಹಿಟ್ಟಿನಿಂದ ಶುರುವಾಯಿತು. ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡೆರಡು ಸಲ ಉಪ್ಪು. ಆಮೇಲೆ ಸೌಟಿನ ತಟ್ಟು ಮರೆತರು, ಹಿಟ್ಟು ಕೇಳಿದರೆ ಚೊಂಬಿನಲ್ಲಿ ನೀರು ತಂದುಕೊಟ್ಟರು. ಆಮೇಲೆ ಹೆಸರುಗಳು. ಎದುರು ಮನೆಯವನ ಹೆಸರು, ಸ್ವಂತ ತಮ್ಮನ ಹೆಸರು. ಎಲ್ಲೋ ಬಾಣಲೆಯ ಮುಂದೆ ಮಾತಾಡಿದ್ದಾರೆ ಎಂದುಕೊಂಡು ನಾನು ಬೆಳಿಗ್ಗೆಗೆ ಕಾದೆ. ಬೆಳಿಗ್ಗೆ ಬರಲಿಲ್ಲ, ಅದರ ಮಾರನೆಯ ಬೆಳಿಗ್ಗೆಯೂ ಬರಲಿಲ್ಲ. ಸಂಜೆ ಹೊತ್ತು ದೀಪಗಳ ಕೆಳಗೆ ಓಡಾಡಿ ಕೇಳಿಸಿಕೊಂಡೆ. ಎಣ್ಣೆಗೆ ಬಿದ್ದ ಮಾತಾದರೆ ಎಲ್ಲೋ ಒಂದು ಕಡೆ ಇರುತ್ತದೆ. ಇವು ಯಾವ ದೀಪದಲ್ಲೂ ಇರಲಿಲ್ಲ. ಆಗ ಇದು ಎಣ್ಣೆಯ ಕೆಲಸವಲ್ಲ, ಕಾಯಿಲೆ ಎಂದು ತಿಳಿಯಿತು.

ಆದರೂ ನನ್ನ ಹೆಸರು ಇತ್ತು. ಎಲ್ಲ ಹೋದರೂ ಅದೊಂದು ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಒಂದು ಸಂಜೆ ಅವರು ಎಲ್ಲೋ ಹೋಗಿದ್ದವರು ತಡವಾಗಿ ಬಂದರು. ಕೈಯೆಲ್ಲ ಜಿಡ್ಡು, ಮೈಯೆಲ್ಲ ಸಂಡಿಗೆಯ ವಾಸನೆ. ಹೊಸಿಲ ಮೇಲೆ ನಿಂತು ನನ್ನನ್ನೇ ನೋಡಿದರು. ತುಟಿ ತೆರೆದರು, ಮುಚ್ಚಿದರು.

"ಏನ್ರೀ, ಎಲ್ಲಿಗ್ ಹೋಗಿದ್ರಿ?" ಎಂದೆ.

"ಊಟಕ್ಕಿಡು" ಎಂದರು. ಅಷ್ಟೆ. ಕಣ್ಣಲ್ಲಿ ನೀರಿತ್ತು, ಆದರೂ ಯಾಕೋ ಗೆದ್ದು ಬಂದವರ ಹಾಗೆ ಕಾಣುತ್ತಿದ್ದರು. ಅಂದಿನಿಂದ ಹೆಸರಿಲ್ಲ. ಮರೆವು ಅದನ್ನೂ ತಿಂದಿತು ಎಂದುಕೊಂಡೆ. ಕಾಯಿಲೆ ಎಂದು ಗೊತ್ತಿದ್ದರೂ ಅವರ ಮೇಲೆ ಕೋಪ ಬಂತು. ತಮ್ಮನನ್ನು ಮರೆಯಲಿ, ಎದುರು ಮನೆಯವನನ್ನು ಮರೆಯಲಿ, ನನ್ನನ್ನು ಇಟ್ಟುಕೊಳ್ಳಲು ಏನಾಗಿತ್ತು? ಅಂದು ನಾನು ಊಟ ಮಾಡಲಿಲ್ಲ. ಸ್ವಲ್ಪ ಕಾಲಕ್ಕೆ ಮುಖವೂ ಹೋಯಿತು. ನನ್ನನ್ನು ತಾಯಿ ಎನ್ನತೊಡಗಿದರು. ಅಂಗಡಿಯ ಜಗಲಿಯ ಮೇಲೆ ಕೂರಿಸಿದರೆ ಕೂರುತ್ತಿದ್ದರು, ತಟ್ಟೆ ಕೊಟ್ಟರೆ ಉಣ್ಣುತ್ತಿದ್ದರು, "ನಿನ್ನ ಮಕ್ಕಳು ತಣ್ಣಗಿರಲಿ ತಾಯಿ" ಎಂದು ಹರಸುತ್ತಿದ್ದರು. ನಮಗೆ ಮಕ್ಕಳಿಲ್ಲ.

ಹೀಗಿರುವಾಗ ನಮ್ಮ ಮನೆಗೆ ಪಾಳಿ ಬಂತು. ನನಗೆ ಶಿಸ್ತು ಜಾಸ್ತಿ. ಬಾಯಿ ಜೋರು ಎನ್ನುವವರೂ ಇದ್ದಾರೆ, ಅನ್ನಲಿ. ಯಾರ ಮನೆಯಲ್ಲಿ ಎಣ್ಣೆ ಮುಚ್ಚಿಟ್ಟರೂ ನಾನು ಬಿಡುವವಳಲ್ಲ. ಇಟ್ಟ ಎಣ್ಣೆ ಕಮಟು ಹಿಡಿಯುತ್ತದೆ, ಅದರೊಳಗಿನ ಮಾತೂ ಹಾಗೇ ಆಗುತ್ತದೆ, ಆಮೇಲೆ ಅದು ದೀಪದಿಂದ ಬಂದರೆ ಕೇಳುವವರಿಗೆ ಹೊಟ್ಟೆ ತೊಳಸುತ್ತದೆ. ನನ್ನ ಜೊತೆ ಪಾಳಿಗೆ ಬಂದವಳು ಪಕ್ಕದ ಮನೆಯ ಜಯಶೀಲ. ಒಳ್ಳೆಯ ಹುಡುಗಿ, ಸ್ವಲ್ಪ ಮೆತ್ತಗೆ. ಇಬ್ಬರೂ ಡಬ್ಬ ಹಿಡಿದು ಮನೆಗಳನ್ನೆಲ್ಲ ಮುಗಿಸಿ ಕೊನೆಗೆ ನಂಜಕ್ಕನ ಮನೆಗೆ ಹೋದೆವು.

ನಂಜಕ್ಕ ತನ್ನ ಸಂಡಿಗೆಯ ಎಣ್ಣೆಯನ್ನು ಬಾಗಿಲಲ್ಲೇ ತಂದಿಟ್ಟಿದ್ದಳು. ನನ್ನ ಕಣ್ಣು ಅಟ್ಟದ ಮೇಲೆ ಹೋಯಿತು. ಮೂಲೆಯಲ್ಲಿ ಒಂದು ಹಿತ್ತಾಳೆ ತಪ್ಪಲೆ, ಮೇಲೆ ತಟ್ಟೆ ಮುಚ್ಚಿ ಸುತ್ತಲೂ ಹಿಟ್ಟು ಮೆತ್ತಿತ್ತು. ಹಿಟ್ಟು ಒಣಗಿ ಬಿರಿದಿತ್ತು. ಬಿರುಕಿನಲ್ಲಿ ಎಣ್ಣೆ ಜಿನುಗಿತ್ತು.

"ಅದೇನ್ ನಂಜಕ್ಕ ಮೇಲೆ?" ಎಂದೆ.

ಅವಳು ಸೆರಗು ಬಾಯಿಗೆ ಹಿಡಿದಳು. "ಅದು ಇರ್ಲಿ ಬುಡು ಇಂದ್ರಾಣಿ. ಇನ್ನೊಬ್ಬರ್ದು. ಮಡಗಿಕೋ ಅಂತ ಕೊಟ್ಟವ್ರೆ."

"ಯಾರ್ದು?"

"ಏಳಂಗಿಲ್ಲ. ಭಾಷೆ ಕೊಟ್ಟಿವ್ನಿ."

"ಎಣ್ಣೆ ಮಡಗೋ ಹಂಗಿಲ್ಲ ನಂಜಕ್ಕ. ನಿಂಗೊಂದು ನ್ಯಾಯ ಊರಿಗೊಂದು ನ್ಯಾಯ ಆಗಲ್ಲ."

ನಾನು ಮಣೆ ಹಾಕಿಕೊಂಡು ಹತ್ತಿ ತಪ್ಪಲೆಯನ್ನು ಇಳಿಸಿದೆ. ನಂಜಕ್ಕ ಅದರ ಕಂಠ ಹಿಡಿದುಕೊಂಡಳು. ಅವಳ ತಲೆ ಅತ್ತಿತ್ತ ಆಡುತ್ತಿತ್ತು. ಮುದುಕರ ತಲೆ ಆಡುವುದು ಸಹಜ ಎಂದು ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. "ಅಕ್ಕಾ, ಬಿಡಿ ಹೋಗ್ಲಿ, ಇನ್ನೊಂದು ಪಾಳಿಗೆ ಕೊಡ್ತಾರೆ" ಎಂದಳು ಜಯಶೀಲ. ಅವಳನ್ನೂ ಗದರಿಸಿದೆ. ಹೊರಗೆ ಚಪ್ಪಡಿಯ ಕೆಳಗಿನಿಂದ ಆ ಹುಡುಗಿಯ ದನಿ ಯಾವತ್ತಿಗಿಂತ ಜೋರಾಗಿ ಬೇಡ ಬೇಡ ಎನ್ನುತ್ತಿತ್ತು. ತಪ್ಪಲೆಯನ್ನು ಕಂಕುಳಿಗೆ ಇಟ್ಟುಕೊಂಡು ಎಣ್ಣೆಕಟ್ಟೆಗೆ ನಡೆದೆ. ಅಷ್ಟು ಕಾಲ ಅಟ್ಟದ ಮೇಲಿದ್ದ ಎಣ್ಣೆ, ಕಂಕುಳಲ್ಲಿ ಬೆಚ್ಚಗಿತ್ತು. ಈಗತಾನೇ ಮಲಗಿ ಎದ್ದ ಹಾಸಿಗೆಯಷ್ಟು ಬೆಚ್ಚಗೆ. ನನಗೆ ವಿಚಿತ್ರ ಅನಿಸಿತು, ಆದರೆ ನಿಲ್ಲಲಿಲ್ಲ. ಮುಚ್ಚಳ ಕಿತ್ತಾಗ ಕಮಟು ವಾಸನೆಯೂ ಇರಲಿಲ್ಲ. ಪಂಚೆಯ ಮೇಲೆ ಸುರಿದೆ, ಅದು ಗಸಿಯನ್ನೇ ಬಿಡದೆ ಸೀದಾ ಕೊಪ್ಪರಿಗೆಗೆ ಇಳಿಯಿತು. ಉದ್ದನೆಯ ಕೋಲಿನಿಂದ ಚೆನ್ನಾಗಿ ತಿರುವಿದೆ. ತಿರುವುವುದು ಪಾಳಿಯ ಹಿರಿಯಳ ಕೆಲಸ.

ಸಂಜೆ ನಮ್ಮ ಬೀದಿಯ ದೀಪಗಳನ್ನು ಜಯಶೀಲ ಹಚ್ಚಿದಳು. ಬೇರೆ ಬೀದಿಗಳಲ್ಲಿ ಅವರವರ ಜನ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ, ಹಂಚಿನ ಮೇಲೆ ಕೆಂಪು ಬಿಸಿಲು ಇತ್ತು. ನಾನು ಅಂಗಡಿಯ ಒಲೆ ಆರಿಸಿ ಕೈ ತೊಳೆಯುತ್ತಿದ್ದೆ. ಬಾವಿಕಟ್ಟೆಯ ದೀಪ "ನೀರು" ಎಂದಿತು. ಅದರ ಪಕ್ಕದ್ದು ಏನೋ ಗೊಣಗಿತು. ಆಮೇಲೆ ಎಲ್ಲ ದೀಪಗಳೂ ಒಮ್ಮೆಗೇ ಸುಮ್ಮನಾದವು. ನಮ್ಮ ಊರಿನಲ್ಲಿ ಸಂಜೆ ಹೊತ್ತು ಅಂಥ ಮೌನ ಯಾರೂ ಕೇಳಿದವರಲ್ಲ. ಹೂ ಕಟ್ಟುತ್ತಿದ್ದವರು ದಾರ ಹಿಡಿದುಕೊಂಡೇ ತಲೆ ಎತ್ತಿದರು.

"ಇಂದ್ರಾಣೀ" ಎಂದಿತು ನಮ್ಮ ಅಂಗಡಿಯ ಮುಂದಿನ ದೀಪ.

ನಮ್ಮನೆಯವರ ದನಿ. ಯಾರದ್ದೋ ಇರಬಹುದೇನೋ ಎನ್ನುವ ಹಾಗಿರಲಿಲ್ಲ. ಎಷ್ಟು ಮನೆಯ ಎಣ್ಣೆ ಬೆರೆತರೂ, ನಾನೇ ಅಷ್ಟು ತಿರುವಿದರೂ, ಒಂದು ಚೂರೂ ಮುಕ್ಕಾಗದೆ ಪೂರ್ತಿಯಾಗಿ ಬಂತು. ಬಾವಿಕಟ್ಟೆಯ ದೀಪ ಕರೆಯಿತು. ಅದರ ಆಚೆಯದ್ದು ಕರೆಯಿತು. ಹಿಂದಿನ ಬೀದಿಯಲ್ಲಿ, ಸಂತೆ ಬಯಲಿನಲ್ಲಿ, ಕೆರೆಯ ಏರಿಯ ಮೇಲೆ, ಊರಿನ ದೀಪಗಳೆಲ್ಲ ನನ್ನನ್ನು ಕರೆಯತೊಡಗಿದವು. ಜನ ದೀಪ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾರೂ ದೇವೇಂದ್ರ ಎನ್ನಲಿಲ್ಲ. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಬೀದಿಗೆ ಓಡಿದೆ. ನಂಜಕ್ಕ ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ನನ್ನನ್ನು ಕಂಡು ಅಲ್ಲೇ ಕುಸಿದು ಕೂತಳು.

"ನಿನ್ ಗಂಡುಂದೇ ಕಣವ್ವ" ಎಂದಳು. "ಒಂದೊಂದೇ ಹೆಸ್ರು ಹೋಯ್ತಾ ಅವೆ ನಂಜಕ್ಕ, ನಾಳೆ ಅವಳ್ದೂ ಹೋಯ್ತದೆ ಅಂತ ಬಂದ. ಬಾಣಲೆ ಮಡಗಿಸ್ದ. ನಾಕು ಸಂಡಿಗೆ ಬುಟ್ಟು, ಎಣ್ಣೆ ಮುಂದೆ ಕುಂತ್ಕಂಡು ಹೊತ್ತು ಮುಳುಗೋ ಗಂಟ ನಿನ್ ಹೆಸ್ರೇ ಕರ್ದ. ನನ್ ತಲೇಲಿ ಉಳಿಯಲ್ಲ, ಎಣ್ಣೇಲಾದ್ರೂ ಇರ್ಲಿ ಅಂದ. ನನ್ ಕೊನೇ ಗಳಿಗೆ ಬಂದಾಗ ಒಂದು ದೀಪ ಹಚ್ಚು, ಬಾಯಿಗೆ ಬತ್ತದೆ, ಅವಳ್ನ ಕರ್ದು ಹೋಯ್ತಿನಿ ಅಂದ. ಅವಳಿಗೆ ಏಳ್ಬ್ಯಾಡ, ಅಳ್ತಾಳೆ ಅಂತ..." ಹೇಳುತ್ತಿದ್ದವಳು, ತನ್ನ ಬಾಯಿಂದ ಬಂದದ್ದು ಬೇಡ ಎಂಬ ಮಾತೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಎಷ್ಟೋ ವರ್ಷದ ಮೇಲೆ ಅದು ಅವಳ ಬಾಯಿಂದ ಬಂದಿತ್ತು, ಅದೂ ನಮ್ಮನೆಯವರ ಮಾತಾಗಿ. ಮತ್ತೆ ಪ್ರಯತ್ನಿಸಿದಳು. ಬರಲಿಲ್ಲ.

ಗೆದ್ದು ಬಂದವರ ಹಾಗಿದ್ದ ಅವರ ಅಂದಿನ ಮುಖ ನನಗೆ ನೆನಪಾಯಿತು. ಮರೆವಿನ ಕೈಗೆ ಸಿಗದ ಹಾಗೆ ಅವರು ನನ್ನನ್ನು ಬಚ್ಚಿಟ್ಟು ಬಂದಿದ್ದರು. ಅಂದು ನಾನು ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

"ಅಕ್ಕಾ, ಆರಿಸ್ಬಿಡ್ಲಾ?" ಎಂದು ಜಯಶೀಲ ಕಂಬಕ್ಕೆ ಏಣಿ ಒರಗಿಸಿಕೊಂಡು ನಿಂತಿದ್ದಳು. "ಓಡಿಹೋಗಿ ಎಲ್ಲಾ ಬೀದಿಗೂ ಹೇಳ್ತೀನಿ. ಉಳಿದಿದ್ದಾದ್ರೂ ಉಳೀಲಿ."

ನನಗೆ ಆಸೆಯಾಯಿತು. ಆದರೆ ಆ ಕೊಪ್ಪರಿಗೆಯಲ್ಲಿ ಬರಿ ನನ್ನ ಹೆಸರಿರಲಿಲ್ಲ. ಹಿಂದಿನ ಬೀದಿಯ ಬಾಣಂತಿ ಬಾಣಲೆಯ ಮುಂದೆ ಮಗುವನ್ನು ಮುದ್ದಿಸಿ ಕಂದ ಎನ್ನುವ ಮಾತು ಕಳೆದುಕೊಂಡು ಮೂರು ಹೊತ್ತೂ ಅಳುತ್ತಿದ್ದಳು. ಅದೂ ಅದರಲ್ಲೇ ಇತ್ತು. ಅರ್ಧ ಉರಿದು ಆರಿದ ಎಣ್ಣೆಯಿಂದ ಬರುವ ಮಾತು ಹೇಗಿರುತ್ತದೆಂದು ಬಲ್ಲವರಿಲ್ಲ. "ಉರೀಲಿ ಬಿಡು" ಎಂದೆ.

ಆಮೇಲೆ ನಾನು ದೀಪದಿಂದ ದೀಪಕ್ಕೆ ಓಡಿದೆ. ಅವರು ನನ್ನನ್ನು ಎಷ್ಟು ಬಗೆಯಾಗಿ ಕರೆದಿದ್ದರೋ ಅಷ್ಟನ್ನೂ ಎಣ್ಣೆಗೆ ಹಾಕಿದ್ದರು. ಹಿಟ್ಟಿನ ಮೂಟೆ ಹೊತ್ತು ಬಂದು ಬಾಗಿಲು ತೆಗೆಯೆಂದು ಕರೆದದ್ದು ಸಂತೆ ಬಯಲಿನಲ್ಲಿ. ಜ್ವರದಲ್ಲಿ ಕನವರಿಸಿದ್ದು ಗರಡಿಯ ಹತ್ತಿರ. ಜಗಳವಾಡಿ ಎರಡು ದಿನ ಮಾತು ಬಿಟ್ಟು ಸೋತು ಕರೆದದ್ದು ಬಾವಿಕಟ್ಟೆಯ ಮೇಲೆ. ಕೆರೆಯ ಏರಿಯ ಕೊನೆಯ ದೀಪ ಬಹಳ ಸಣ್ಣಗೆ, ಕೇಳಿಸಿತೋ ಇಲ್ಲವೋ ಎನ್ನುವಂತೆ ಕರೆಯಿತು. ಅದು ಮದುವೆಯಾದ ಹೊಸತರಲ್ಲಿ, ಹೆಸರು ಹಿಡಿದು ಕರೆಯಬಹುದೋ ಬಾರದೋ ಎಂದು ಅನುಮಾನಿಸಿ ಕರೆದದ್ದು. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಗಿದುಹೋಗಿತ್ತು. ಒಂದರ ಕೆಳಗೆ ನಿಂತರೆ ಇನ್ನೊಂದು ತಪ್ಪುತ್ತಿತ್ತು. ನಾನು ಕೇಳದ ಕಡೆ ಯಾರೋ ದಾರಿಹೋಕರು ಕೇಳಿದರು, ನಾಯಿಗಳು ಕೇಳಿದವು, ನೀರು ಕೇಳಿತು.

ಸುಸ್ತಾಗಿ ಮನೆಗೆ ಬಂದೆ. ಅವರು ಅಂಗಡಿಯ ಜಗಲಿಯ ಮೇಲೆ ಕೂತು, ಕತ್ತು ಎತ್ತಿ ದೀಪವನ್ನೇ ನೋಡುತ್ತಿದ್ದರು. ಅದು ಇನ್ನೂ ಕರೆಯುತ್ತಿತ್ತು.

"ಯಾರೋ ಕರೀತಾವ್ನೆ ತಾಯಿ" ಎಂದರು ನನ್ನನ್ನು ಕಂಡು. "ಆಗ್ಲಿಂದ ಒಂದೇ ಸಮ ಕರೀತಾವ್ನೆ, ಪಾಪ. ಯಾರಾದ್ರೂ ಓ ಅನ್ನಬಾರ್ದಾ?"

"ಇಂದ್ರಾಣೀ" ಎಂದಿತು ದೀಪ.

"ಓ" ಎಂದೆ ನಾನು.

ಅವರು ಸಮಾಧಾನದಿಂದ ಗೋಡೆಗೆ ಒರಗಿದರು. ದೀಪ ಕರೆದಾಗಲೆಲ್ಲ ನಾನು ಓಗೊಟ್ಟೆ. ಎಣ್ಣೆ ಮುಗಿದು ಬತ್ತಿ ಚುರುಗುಟ್ಟುವ ತನಕ ಅಲ್ಲೇ ನಿಂತಿದ್ದೆ.

ಮಾರನೆಯ ಬೆಳಿಗ್ಗೆ ನಾನು ನೀರು ತುಂಬುತ್ತಿದ್ದಾಗ ಜಗಲಿಯಿಂದ "ಇಂದ್ರಾಣೀ" ಎಂದು ಕೇಳಿತು. ದೀಪವಲ್ಲ, ಅವರದೇ ಬಾಯಿ. ಕೊಡ ಕೈಜಾರಿ ಒಡೆಯಿತು. ಒದ್ದೆ ಸೀರೆಯಲ್ಲೇ ಓಡಿಹೋಗಿ ಎದುರಿಗೆ ನಿಂತೆ. "ಓ, ಇಲ್ಲಿದೀನ್ರೀ" ಎಂದೆ. ನನಗೆ ನಗು, ಅಳು ಎರಡೂ ಬರುತ್ತಿದ್ದವು.

ಅವರು ನನ್ನ ಮುಖ ನೋಡಿದರು. ಮರ್ಯಾದೆಯಿಂದ ಕೈ ಅಡ್ಡ ಮಾಡಿ ನನ್ನನ್ನು ಸ್ವಲ್ಪ ಬದಿಗೆ ಸರಿಸಿದರು.

"ನಿನ್ನಲ್ಲ ತಾಯಿ. ನಮ್ಮನೆಯೋಳ್ನ" ಎಂದರು. ಆರಿದ ದೀಪದ ಕಡೆ ಮುಖ ಮಾಡಿ ಮತ್ತೆ ಕರೆದರು.

ಹೆಸರು ಬಾಯಿಗೆ ಬಂದಿತ್ತು, ಯಾರದೆಂಬುದು ಬಂದಿರಲಿಲ್ಲ. ಆದರೆ ಒಂದು ತಿಳಿಯಿತು. ಎದುರಿಗೆ ನಿಂತು ಓಗೊಟ್ಟರೆ ಒಪ್ಪುವುದಿಲ್ಲ, ಕಾಣದ ಕಡೆಯಿಂದ ಓಗೊಟ್ಟರೆ ಒಪ್ಪುತ್ತಾರೆ. ಗೋಡೆಯ ಹಿಂದೆ ನಿಂತು "ಓ" ಎಂದರೆ ಮುಖ ಅರಳುತ್ತದೆ. "ಬಂದೆ" ಎಂದರಾಗದು, "ಏನ್ರೀ" ಎಂದರಾಗದು, ಓ ಎಂದೇ ಆಗಬೇಕು. ಯಾರೂ ಓಗೊಡದಿದ್ದರೆ ಗಾಬರಿಯಾಗಿ ಎದ್ದು ಹೊರಟುಬಿಡುತ್ತಾರೆ. ಹಾಗೆ ಹೊರಟವರನ್ನು ಒಂದು ಮಧ್ಯಾಹ್ನ ಹುಡುಕಿದಾಗ ನಂಜಕ್ಕನ ಮನೆಯ ಮುಂದೆ ಚಪ್ಪಡಿಗೆ ಕಿವಿ ಹಚ್ಚಿ ಬೋರಲು ಬಿದ್ದಿದ್ದರು. "ಕೆಳಗೆ ಒಂದು ಹೆಣ್ಣು ಅವ್ಳೆ, ಅವಳಲ್ಲ, ಬೇರೆ" ಎಂದರು. ಅವರನ್ನು ಎಬ್ಬಿಸಲು ಜಯಶೀಲ, ನಾನು ಇಬ್ಬರೂ ಬೇಕಾಯಿತು.

ಅಂಗಡಿ ನಡೆಸುವವಳು ನಾನೊಬ್ಬಳೇ. ಮೊದಮೊದಲು ಬಾಣಲೆ ಇಳಿಸಿ, ಹಿತ್ತಿಲಿಗೆ ಹೋಗಿ ಓಗೊಟ್ಟು ಬರುತ್ತಿದ್ದೆ. ಬಜ್ಜಿ ಅರ್ಧ ಬೆಂದು ಎಣ್ಣೆ ಕುಡಿಯುತ್ತಿತ್ತು, ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಒಂದು ಸಂಜೆ ಜನ ಮುತ್ತಿಕೊಂಡಿದ್ದಾಗ ಅವರು ಕರೆದರು. ನಾನು ತಡಮಾಡಿದೆ. ಮತ್ತೆ ಕರೆದರು, ಜಗಲಿಯಿಂದ ಕಾಲು ಇಳಿಬಿಟ್ಟರು. ಕಾದ ಎಣ್ಣೆಯ ಮೇಲಿನಿಂದಲೇ ನಾನು "ಓ" ಎಂದು ಕೂಗಿದೆ. ಗಿರಾಕಿಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಊರಿಗೆಲ್ಲ ಬುದ್ಧಿ ಹೇಳುವ ಇಂದ್ರಾಣಿ ಬಾಣಲೆಯ ಮುಂದೆ ಬಾಯಿ ಬಿಟ್ಟಳು. ಅವರು ಕಾಲು ಮೇಲೆತ್ತಿಕೊಂಡು ಕೂತರು. ಅವರು ಮತ್ತೆ ಕರೆದಾಗ ನನ್ನ ಬಾಯಿ ಸುಮ್ಮನೆ ದುಂಡಗಾಯಿತು, ದನಿ ಹೊರಡಲಿಲ್ಲ.

ಅಂದು ಪಾಳಿಯವರಿಗೆ ಎಣ್ಣೆ ಕೊಡಲಿಲ್ಲ. ಬಾಣಲೆಯಿಂದ ಸೀದಾ ಅಂಗಡಿಯ ಮುಂದಿನ ದೀಪಕ್ಕೆ ಸೋಸಿ ಹಚ್ಚಿದೆ. ಅವರು ಕರೆದರು. "ಓ" ಎಂದಿತು ದೀಪ, ನನ್ನ ದನಿಯಲ್ಲಿ. ಅವರ ಮುಖದಲ್ಲಿ ಎಂಥ ಬೆಳಕು ಬಂತೆಂದರೆ, ಮರೆವು ಶುರುವಾದಾಗಿನಿಂದ ನಾನು ಅಂಥದ್ದನ್ನು ನೋಡಿರಲಿಲ್ಲ. ಅಂದಿನಿಂದ ಇದೇ ನಡೆದಿದೆ. ದೀಪ ಉರಿದು ಬೆಳಿಗ್ಗೆ ಆ ಮಾತು ನನ್ನ ಬಾಯಿಗೆ ಬರುತ್ತದೆ. ಗೋಡೆಯ ಹಿಂದೆ ನಿಂತು ಹಗಲಿಗಾಗುವಷ್ಟು ಓಗೊಡುತ್ತೇನೆ. ಸಂಜೆ ಬಾಣಲೆಯ ಮೇಲೆ ಬಗ್ಗಿ ಸಾಕೆನಿಸುವಷ್ಟು ಸಲ ಹೇಳಿ ಎಣ್ಣೆಗೆ ಬಿಡುತ್ತೇನೆ. ಪಾಳಿಯವರು ಬಂದು ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋಗುತ್ತಾರೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ. ನಮ್ಮನೆಯವರು ದೀಪದ ಕಡೆ ತಿರುಗಿ ಕರೆಯುತ್ತಾರೆ, ದೀಪ ಓಗೊಡುತ್ತದೆ, ನಡುವೆ ನಾನು ತಟ್ಟೆ ಲೋಟ ತೊಳೆಯುತ್ತಾ ಓಡಾಡುತ್ತಿರುತ್ತೇನೆ. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಗುತ್ತದೆ ಎಂದರೆ ನಗಬೇಡಿ.

ಮೊನ್ನೆ ಸಂಜೆ ಗಾಳಿ ಎದ್ದಿತು. ಎಣ್ಣೆಗೆ ಹೇಳಿ ಮುಗಿಸಿ, ಸೋಸಿ, ದೀಪಕ್ಕೆ ತುಂಬಿದ್ದೆ. ಹಚ್ಚಿದರೆ ಆರಿತು. ಸೆರಗು ಮರೆ ಮಾಡಿ ಹಚ್ಚಿದರೂ ಆರಿತು. ಬೀದಿಯ ಎಲ್ಲ ದೀಪಗಳೂ ಆರಿ ಊರು ಸದ್ದಿಲ್ಲದೆ ಬಿದ್ದುಕೊಂಡಿತ್ತು. ಅವರು "ಇಂದ್ರಾಣೀ" ಎಂದರು. ನನ್ನ ಬಾಯಲ್ಲಿ ಆ ಮಾತಿಲ್ಲ, ಅದು ಆರಿದ ದೀಪದಲ್ಲಿತ್ತು. ಮತ್ತೆ ಕರೆದರು. ಇನ್ನು ಎದ್ದು ಹೊರಡುತ್ತಾರೆಂದು ನಾನು ಓಡಿಹೋಗಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಹಿಡಿದರೆ ಕೊಸರಿಕೊಳ್ಳುವವರು ಅಂದು ಕೊಸರಿಕೊಳ್ಳಲಿಲ್ಲ. ನನ್ನ ಕಣ್ಣೀರು ಅವರ ಕೈ ಮೇಲೆ ಬಿತ್ತೋ ಏನೋ, ಬಗ್ಗಿ ನನ್ನ ಮುಖ ನೋಡಿದರು.

"ಯಾಕ್ ತಾಯಿ ಅಳ್ತೀಯ?" ಎಂದರು. ಕೈ ಮೇಲೆ ಮೆಲ್ಲಗೆ ತಟ್ಟಿದರು. "ಹೆದರ್ಕೋಬೇಡ. ಇಂದ್ರಾಣಿ ಅಂತ, ನಮ್ಮನೆಯೋಳು. ಬತ್ತಾಳೆ. ಬಾಯಿ ಜೋರು, ಮನಸು ಒಳ್ಳೇದು. ಅವಳು ಬಂದ್ರೆ ನಿಂಗೂ ಬಿಸಿಯಾಗಿ ಏನಾದ್ರೂ ಮಾಡ್ಕೊಡ್ತಾಳೆ. ಸ್ವಲ್ಪ ತಡೀ."

ನಾನು ಆಗಲೆಂದು ತಲೆದೂಗಿದೆ. ಅವರು ತಮ್ಮ ಪಂಚೆಯ ತುದಿಯನ್ನು ನನ್ನ ಭುಜದ ಮೇಲೆ ಹೊದಿಸಿ, ಬೀದಿಯ ಕೊನೆಯ ಕಡೆ ತಿರುಗಿ ಕೂತರು. ನಾನೂ ಆ ಕಡೆಯೇ ನೋಡುತ್ತಾ ಕೂತೆ. ಗಾಳಿಯಲ್ಲಿ, ಬಹಳ ದೂರದಲ್ಲಿ, ಯಾರೋ ಬರುತ್ತಿರುವಂತೆ ನನಗೂ ಅನಿಸಿತು.